ಕೋದೋ ಎಂಬ ರಾಗಿ, ಢಿಂಡೊ ಎಂಬ ಮುದ್ದೆ

ನೇಪಾಳಿ ಊಟವೆಂದರೆ ಮೊಮೊ ಎಂದು ತಿಳಿದವರೇ ಹೊಸೂರು ಸೀಮೆಯಲ್ಲಿ ಹೆಚ್ಚು. ಸಂಜೆಯ ಹೊತ್ತು ತಳ್ಳುಗಾಡಿಯ ಮೇಲೆ ಆವಿಯಾಡುವ ಅಲ್ಯೂಮಿನಿಯಂ ಪಾತ್ರೆ, ಪಕ್ಕದಲ್ಲಿ ಕೆಂಪು ಚಟ್ನಿ, ಸುತ್ತ ಕಾರ್ಖಾನೆ ಬಿಟ್ಟು ಬಂದ ಹುಡುಗರು. ಆ ಮೊಮೊ ಮೂಲತಃ ಟಿಬೆಟ್ಟಿನದು. ಲ್ಹಾಸಾದೊಡನೆ ವ್ಯಾಪಾರವಿಟ್ಟುಕೊಂಡಿದ್ದ ಕಾಠ್ಮಂಡುವಿನ ನೇವಾರ ವರ್ತಕರ ಹಿಂದೆ ಅದು ನೇಪಾಳಕ್ಕೆ ಬಂದಿತೆಂದು ಹೇಳುತ್ತಾರೆ. ಕರ್ನಾಟಕಕ್ಕಂತೂ ಅದು 1960ರ ದಶಕದಲ್ಲಿಯೇ ಬೈಲುಕುಪ್ಪೆಯ ಟಿಬೆಟನ್ ನಿರಾಶ್ರಿತರೊಡನೆ ಬಂದಿದೆ. ನೇಪಾಳದ ಮನೆಯಲ್ಲಿ ದಿನಕ್ಕೆ ಎರಡು ಹೊತ್ತು ಉಣ್ಣುವ ಊಟ ಬೇರೆಯೇ. ಅದನ್ನು ಬಡಿಸುವ ಹೋಟೆಲನ್ನು ಕೆಲಮಂಗಲದ ಪೇಟೆಯಲ್ಲಿ ಹುಡುಕುವುದು ವ್ಯರ್ಥ. ಅತ್ತಿಬೆಲೆಯ ಗಡಿ ದಾಟಿ ಬೆಂಗಳೂರಿಗೆ ಹೋದವರಿಗೆ ಮಾತ್ರ ಅದು ಸಿಕ್ಕೀತು.

ಕೆಲಮಂಗಲದ ಕಡೆಯ ರೈತನೊಬ್ಬ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನ ಒತ್ತಾಯಕ್ಕೆ ಕಟ್ಟುಬಿದ್ದು, ಅಂಥ ಹೋಟೆಲೊಂದರಲ್ಲಿ ಮೊದಲ ಸಲ ಕುಳಿತನೆನ್ನಿ. ತಟ್ಟೆ ಬರುವುದಕ್ಕೆ ಮೊದಲು ಅವನನ್ನು ಮುಟ್ಟುವುದು ಸಾಸಿವೆ ಎಣ್ಣೆಯ ಘಾಟು. ಕಡಲೆಕಾಯಿ ಎಣ್ಣೆಗೂ ಹುಚ್ಚೆಳ್ಳೆಣ್ಣೆಗೂ ಒಗ್ಗಿದ ಮೂಗಿಗೆ ಅದು ಒಂದು ಕ್ಷಣ ಅಪರಿಚಿತವೆನಿಸುತ್ತದೆ. ಈ ಸೀಮೆಯಲ್ಲಿ ಸಾಸಿವೆಯ ಕೆಲಸ ಒಗ್ಗರಣೆಯಲ್ಲಿ ಸಿಡಿಯುವುದಕ್ಕೆ ಸೀಮಿತ. ಅನಂತರ ತಟ್ಟೆ ಬರುತ್ತದೆ: ನಡುವೆ ಅನ್ನ, ಬಟ್ಟಲಲ್ಲಿ ಬೇಳೆ, ಒಂದು ಸೊಪ್ಪಿನ ಪಲ್ಯ, ಒಂದು ಆಲೂಗಡ್ಡೆಯ ತರಕಾರಿ, ಅಂಚಿನಲ್ಲಿ ಎರಡು ಬಗೆಯ ಅಚಾರ್. ಇಷ್ಟೇ. ದಾಲ್, ಭಾತ್, ತರಕಾರಿ ಎಂದು ಮೂರು ಪದಗಳಲ್ಲಿ ನೇಪಾಳದವರು ಇದನ್ನು ಹೇಳಿ ಮುಗಿಸುತ್ತಾರೆ. ಬೇಳೆಗೆ ತುಪ್ಪದಲ್ಲಿ ಹಾಕಿದ ಒಗ್ಗರಣೆಯಲ್ಲಿ ಜಿಂಬು ಎಂಬ ಒಣಗಿದ ಹುಲ್ಲಿನಂಥ ವಸ್ತುವಿರುತ್ತದೆ. ಹಿಮಾಲಯದ ಎತ್ತರದಲ್ಲಿ, ಮುಸ್ತಾಂಗಿನ ಕಡೆ, ಬೆಳೆಯುವ ಈರುಳ್ಳಿಯ ಜಾತಿಯ ಗಿಡ ಅದು. ಇಂಗಿಗೂ ಬೆಳ್ಳುಳ್ಳಿಗೂ ನಡುವೆ ಎಲ್ಲೋ ನಿಲ್ಲುವ ವಾಸನೆ. ಟೊಮೆಟೊ ಅಚಾರಿನಲ್ಲಿ ತಿಮುರ್ ಎಂಬ ಕಾಳು ನಾಲಿಗೆಯನ್ನು ಜುಮ್ಮೆನಿಸುತ್ತದೆ. ಕರಾವಳಿಯ ಕೊಂಕಣಿ ಅಡುಗೆಯ ತಿರ್ಫಳವನ್ನು ಬಲ್ಲವರಿಗೆ ಅದು ನೆಂಟ. ಎರಡೂ ಒಂದೇ ಕುಲದ ಗಿಡಗಳು.

ಬಡಿಸುವ ಹುಡುಗ ಮತ್ತೆ ಮತ್ತೆ ಅನ್ನ ತರುತ್ತಾನೆ. ಗಿರಾಕಿ ‘ಪುಗ್ಯೋ’ ಎನ್ನುವವರೆಗೂ ತರುವುದು ಅಲ್ಲಿನ ಕ್ರಮ. ‘ಸಾಕು’ ಎಂದರೂ ಅರ್ಥವಾಗುತ್ತದೆ, ಕೈ ಅಡ್ಡ ಹಿಡಿದರೂ ಅರ್ಥವಾಗುತ್ತದೆ. ಇನ್ನೊಂದು ಮಾತೂ ಉಂಟು. ನೇಪಾಳದಲ್ಲಿ ಪರಿಚಿತರು ದಾರಿಯಲ್ಲಿ ಎದುರಾದರೆ ಕೇಳುವ ಮೊದಲ ಪ್ರಶ್ನೆ ‘ಖಾನಾ ಖಾನುಭಯೋ?’ ಎಂಬುದು. ‘ಊಟ ಆಯ್ತಾ?’ ಎಂಬುದನ್ನೇ ಕುಶಲಪ್ರಶ್ನೆಯಾಗಿ ಬಳಸುವ ಜನ ತಾವೊಬ್ಬರೇ ಎಂದು ಕನ್ನಡಿಗರು ಭಾವಿಸಬೇಕಾದ ಕಾರಣವಿಲ್ಲ.

ಈವರೆಗಿನದು ಪರಿಚಯ ಮಾತ್ರ. ವಿಷಯವಿರುವುದು ಮುಂದಿನ ತಟ್ಟೆಯಲ್ಲಿ. ಅನ್ನದ ಬದಲು ಢಿಂಡೊ ಬೇಕೆಂದು ಮಗ ಹೇಳಿದ್ದಾನೆನ್ನಿ. ಕಂದುಬಣ್ಣದ, ಆವಿಯಾಡುವ, ನಡುವೆ ಸಣ್ಣ ಗುಳಿ ಮಾಡಿ ತುಪ್ಪ ಬಿಟ್ಟ ಒಂದು ಗುಡ್ಡೆ ಬಂದು ಮುಂದೆ ಕೂರುತ್ತದೆ. ಆ ರೈತನಿಗೆ ಯಾರೂ ಏನನ್ನೂ ವಿವರಿಸಬೇಕಾಗಿಲ್ಲ. ಬಣ್ಣ ಕಂಡರೆ ಸಾಕು, ವಾಸನೆ ಕಂಡರೆ ಸಾಕು. ಕಬ್ಬಿಣದ ಪಾತ್ರೆಯಲ್ಲಿ ಎಸರು ಕುದಿಸಿ, ಹಿಟ್ಟನ್ನು ಸುರಿದು, ಗಂಟುಕಟ್ಟದಂತೆ ಮರದ ಕೋಲಿನಿಂದ ತೊಳಸಿ ಬೇಯಿಸಿದ್ದು. ಡೆಂಕಣಿಕೋಟೆಯ ಕಡೆಯ ಹೆಂಗಸರು ಪಾತ್ರೆಯನ್ನು ಎರಡು ಪಾದಗಳ ನಡುವೆ ಒತ್ತಿಹಿಡಿದು ತೊಳಸುವ ಹಿಟ್ಟೇ ಇದು. ವ್ಯತ್ಯಾಸ ಸ್ವಲ್ಪ: ಇಲ್ಲಿನದಕ್ಕಿಂತ ಅದು ಮೆತ್ತಗೆ, ಅದನ್ನು ಉಂಡೆ ಕಟ್ಟುವುದಿಲ್ಲ, ಜೋಳದ ಹಿಟ್ಟಿನಿಂದಲೂ ಫಾಪರ್ ಎಂಬ ಬೆಟ್ಟದ ಧಾನ್ಯದ ಹಿಟ್ಟಿನಿಂದಲೂ ಅಲ್ಲಿ ಮಾಡುತ್ತಾರೆ. ಆದರೆ ತಿನ್ನುವ ಕ್ರಮ ಮಾತ್ರ ಕೂದಲೆಳೆಯಷ್ಟೂ ಬೇರೆಯಲ್ಲ. ಬೆರಳಿನಿಂದ ಸಣ್ಣ ತುತ್ತು ಮುರಿದು, ಬೇಳೆಯಲ್ಲೋ ಸೊಪ್ಪಿನ ರಸದಲ್ಲೋ ಅದ್ದಿ, ಅಗಿಯದೆ ನುಂಗುವುದು. ಮುದ್ದೆಯನ್ನು ಅಗಿಯುವವನು ಪೇಟೆಯವನು ಎಂಬ ನಗೆಮಾತು ಇಲ್ಲಿದ್ದರೆ, ಅಂಥದೇ ನಗೆ ಅಲ್ಲಿಯೂ ಇರಬೇಕು.

ನೇಪಾಳಿಯಲ್ಲಿ ರಾಗಿಯ ಹೆಸರು ಕೋದೋ. ಇಲ್ಲೊಂದು ತೊಡಕಿದೆ. ಹಿಂದಿ ಸೀಮೆಯಲ್ಲಿ ಕೋದೋ ಎಂದರೆ ಹಾರಕ. ಆದ್ದರಿಂದ ಬೆಂಗಳೂರಿನ ಸಿರಿಧಾನ್ಯ ಅಂಗಡಿಯಲ್ಲಿ ನೇಪಾಳದವನೊಬ್ಬ ಕೋದೋ ಕೇಳಿದರೆ ಅಂಗಡಿಯವನು ಹಾರಕವನ್ನು ಅಳೆದು ಕೊಟ್ಟಾನು, ಕೊಂಡವನು ಮನೆಗೆ ಹೋಗಿ ಪೆಚ್ಚಾದಾನು. ಧಾನ್ಯದ ಮೂಲವಂತೂ ಇಬ್ಬರದೂ ಅಲ್ಲ. ಪೂರ್ವ ಆಫ್ರಿಕದ ಎತ್ತರದ ನಾಡುಗಳಿಂದ ಬಂದ ಬೆಳೆ ಅದು. ಹೊಸೂರಿನ ಕೆಂಪು ಮಣ್ಣಿಗೆ ಒಗ್ಗಿದಂತೆಯೇ ಹಿಮಾಲಯದ ಮೆಟ್ಟಿಲುಗದ್ದೆಗಳಿಗೂ ಒಗ್ಗಿತು. ಅಲ್ಲಿ ಅಕ್ಕಿ, ಜೋಳ, ಗೋಧಿಗಳ ಅನಂತರದ ಸ್ಥಾನ ಅದಕ್ಕೆ. ಇಲ್ಲಿ ತಮಿಳುನಾಡಿನ ಜಿಲ್ಲೆಗಳಲ್ಲಿ ರಾಗಿಗೆ ಹೆಸರಾದದ್ದು ಕೃಷ್ಣಗಿರಿಯೇ. ಕೆಲಮಂಗಲ, ಡೆಂಕಣಿಕೋಟೆ, ತಳಿಯ ಹೊಲಗಳಲ್ಲಿ ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಯ ಅಕ್ಕಡಿ ಸಾಲು ಎಳೆಯುವ ಪದ್ಧತಿ ಇನ್ನೂ ಪೂರ್ತಿ ಅಳಿದಿಲ್ಲ.

ರಾಗಿಗೂ ಅಕ್ಕಿಗೂ ಇರುವ ವ್ಯಾಜ್ಯ ಹಳೆಯದು. ಕನಕದಾಸರ ರಾಮಧಾನ್ಯಚರಿತೆಯನ್ನು ಭಕ್ತರು ಭಕ್ತಿಯಿಂದ ಓದುತ್ತಾರೆ, ವಿದ್ವಾಂಸರು ಸಾಮಾಜಿಕ ಪ್ರತಿಭಟನೆಯಾಗಿ ಓದುತ್ತಾರೆ; ನ್ಯಾಯಾಲಯದ ಮೆಟ್ಟಿಲು ಹತ್ತಿಳಿದವರು ಅದನ್ನು ಒಂದು ದಾವೆಯಾಗಿಯೂ ಓದಬಹುದು. ಭತ್ತ ತಾನು ಶ್ರೇಷ್ಠನೆನ್ನುತ್ತದೆ, ರಾಗಿ ತನ್ನ ವಾದ ಮಂಡಿಸುತ್ತದೆ. ಶ್ರೀರಾಮನು ಯಾವ ಶಾಸ್ತ್ರವನ್ನೂ ಉದಾಹರಿಸದೆ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಅವಧಿ ಮುಗಿದಾಗ ಭತ್ತ ಕಳೆಗುಂದಿದೆ, ರಾಗಿ ಇದ್ದಂತೆ ಇದೆ. ಸಾಕ್ಷ್ಯ ತಾನಾಗಿ ದಾಖಲಾಯಿತು, ತೀರ್ಪು ಬಂತು. ವಿಚಾರಣೆಗೆ ಮೊದಲೇ ಇಬ್ಬರನ್ನೂ ಸಮನಾಗಿ ಸೆರೆಗೆ ಹಾಕಿದ್ದು ಸರಿಯೇ ಎಂಬ ಪ್ರಶ್ನೆಯನ್ನು ಇಂದಿನ ವಕೀಲರು ಎತ್ತಿಯಾರು. ಆದರೆ ಅಕ್ಕಿಯನ್ನು ಮಾತ್ರ ಜಾಮೀನಿನ ಮೇಲೆ ಬಿಟ್ಟು ರಾಗಿಯನ್ನು ಒಳಗಿಟ್ಟ ನ್ಯಾಯಕ್ಕಿಂತ ಅದು ಮೇಲು.

ಏಕೆಂದರೆ ಲೋಕದ ನ್ಯಾಯ ಆ ಎರಡನೆಯ ಬಗೆಯದು. ನೇಪಾಳದಲ್ಲಿ ‘ಭಾತ್’ ಎಂಬ ಪದಕ್ಕೆ ಅನ್ನವೆಂದೂ ಊಟವೆಂದೂ ಅರ್ಥ. ಢಿಂಡೊ ಬಡವರ ಹೊಟ್ಟೆಗೆ, ಬೆಟ್ಟದವರ ಹೊಟ್ಟೆಗೆ ಎಂಬ ಭಾವನೆ ಬಹುಕಾಲ ನಿಂತಿತು; ನೆಂಟರ ಮುಂದೆ ಅದನ್ನಿಡಲು ನಾಚುವವರಿದ್ದರು. ಕರ್ಣಾಲಿಯಂಥ ದುರ್ಗಮ ಪ್ರದೇಶಗಳಿಗೆ ಸರಕಾರ ರಿಯಾಯಿತಿಯ ಅಕ್ಕಿಯನ್ನು ವಿಮಾನದಲ್ಲಿ ಸಾಗಿಸಿದ ವರ್ಷಗಳಲ್ಲಿ ಅಲ್ಲಿನ ಸ್ವಂತ ಧಾನ್ಯಗಳು ಇನ್ನಷ್ಟು ಹಿಂದೆ ಸರಿದವು. ಈಗ ಕಾಠ್ಮಂಡುವಿನ ದೊಡ್ಡ ಹೋಟೆಲುಗಳು ಅದೇ ಢಿಂಡೊವನ್ನು ಕಂಚಿನ ತಟ್ಟೆಯಲ್ಲಿಟ್ಟು ಅನ್ನಕ್ಕಿಂತ ಹೆಚ್ಚಿನ ಬೆಲೆಗೆ ಮಾರುತ್ತವೆ. ಹೊಸೂರು ಸೀಮೆಯ ಹಿರಿಯರಿಗೆ ಈ ಕಥೆಯ ಮೊದಲರ್ಧವೂ ಗೊತ್ತು, ಎರಡನೆಯರ್ಧವೂ ಗೊತ್ತು. ಪಡಿತರದ ಅಕ್ಕಿ ಬಂದ ಮೇಲೆ ಮಧ್ಯಾಹ್ನದ ಮುದ್ದೆ ಹೊರಟುಹೋದ ಮನೆಗಳೆಷ್ಟೋ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಕಾಲಕ್ಕೆ ಆ ಮನೆಗಳ ಮೊಮ್ಮಕ್ಕಳೇ ಸಕ್ಕರೆ ಕಾಯಿಲೆಯ ವೈದ್ಯರ ಸಲಹೆಯಂತೆ ರಾಗಿಯನ್ನು ಪೊಟ್ಟಣದಲ್ಲಿ ಕೊಳ್ಳುತ್ತಿದ್ದರು.

ಊಟಕ್ಕೂ ಕಾನೂನಿಗೂ ಏನು ಸಂಬಂಧವೆಂದು ಕೇಳುವವರು ನೇಪಾಳದ ಮುಲುಕೀ ಐನ್ ಎಂಬ ಸಂಹಿತೆಯನ್ನು ನೋಡಬೇಕು. ಜಂಗ್ ಬಹಾದುರ್ ರಾಣಾ 1854ರಲ್ಲಿ ಜಾರಿಗೆ ತಂದ ಆ ಸಂಹಿತೆ ಇಡೀ ದೇಶದ ಜನರನ್ನು ಜಾತಿಶ್ರೇಣಿಯಲ್ಲಿ ನಿಲ್ಲಿಸಿ, ಯಾರ ಕೈಯ ನೀರು ಯಾರಿಗೆ ಸಲ್ಲುತ್ತದೆ, ಯಾರು ಬೇಯಿಸಿದ ಅನ್ನ ಯಾರಿಗೆ ಸಲ್ಲದು ಎಂಬುದನ್ನು ಕಲಮುಗಳಲ್ಲಿ ಬರೆಯಿತು, ಮೀರಿದವರಿಗೆ ದಂಡವಿತ್ತು. ಬೇರೆಡೆ ರೂಢಿಯಾಗಿದ್ದುದು ಅಲ್ಲಿ ಶಾಸನವಾಗಿತ್ತು. 1963ರ ಹೊಸ ಸಂಹಿತೆಯಲ್ಲಿ ಅದಕ್ಕೆ ಕಾನೂನಿನ ಬೆಂಬಲ ತಪ್ಪಿತು. ಎಂಜಲನ್ನು ಸೂಚಿಸುವ ‘ಜೂಠೋ’ ಎಂಬ ಪದ ಮಾತ್ರ ಇಂದೂ ಅಲ್ಲಿನ ಅಡುಗೆಮನೆಯಲ್ಲಿ ತನ್ನ ಪೂರ್ಣ ಬಲದೊಡನೆ ಬದುಕಿದೆ.

ಭಾರತದ ಸಂವಿಧಾನ ಹೋಟೆಲಿನ ಹೆಸರನ್ನು ತನ್ನ ಮೂಲಭೂತ ಹಕ್ಕುಗಳ ಭಾಗದಲ್ಲಿಯೇ ಹೇಳುತ್ತದೆಂಬುದು ಅನೇಕರಿಗೆ ಹೊಸ ಸಂಗತಿಯಾದೀತು. 15ನೆಯ ವಿಧಿಯ 2ನೆಯ ಖಂಡ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳ ಪ್ರವೇಶಕ್ಕೆ ಧರ್ಮ, ಮೂಲವಂಶ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳ ಕಾರಣ ಒಡ್ಡಿ ಯಾವ ಪೌರನನ್ನೂ ತಡೆಯಬಾರದೆನ್ನುತ್ತದೆ. 1955ರ ಕಾಯ್ದೆ ಅಸ್ಪೃಶ್ಯತೆಯ ಕಾರಣದಿಂದ ಹಾಗೆ ತಡೆದವರಿಗೆ ಶಿಕ್ಷೆಯನ್ನೂ ವಿಧಿಸುತ್ತದೆ. ಇಷ್ಟಾಗಿಯೂ ಎರಡು ಲೋಟದ ಚಹಾ ಅಂಗಡಿಗಳು ತಮಿಳುನಾಡಿನ ಹಳ್ಳಿಗಳಲ್ಲಿ ದಶಕಗಳ ಕಾಲ ನಡೆದವು. ಅಡುಗೆಯವನು ಯಾವ ನಾಡಿನವನೆಂದು ಯಾರೂ ಕೇಳದೆ ಉಣ್ಣುವ ಇಂದಿನ ಹೆದ್ದಾರಿಯ ಹೋಟೆಲು ಈ ಹಿನ್ನೆಲೆಯಲ್ಲಿ ಸಣ್ಣ ಸಂಗತಿಯಲ್ಲ.

ಕೇಳದೇ ಇರುವುದಕ್ಕೆ ಇನ್ನೊಂದು ಮುಖವೂ ಇದೆ. ಹೊಸೂರು, ಸೂಳಗಿರಿ, ಕೃಷ್ಣಗಿರಿಗಳ ಹೆದ್ದಾರಿಯುದ್ದಕ್ಕೂ ಇರುವ ಉಪಾಹಾರಗೃಹಗಳ ಅಡುಗೆಮನೆಯಲ್ಲಿ ಈಗ ನಿಂತಿರುವವರು ಒಡಿಶಾ, ಅಸ್ಸಾಂ, ಬಂಗಾಳ, ನೇಪಾಳಗಳ ಯುವಕರು. ಅವರಲ್ಲಿ ನೇಪಾಳದವನು ಬೆಳಗ್ಗೆ ಇಡ್ಲಿ ಬೇಯಿಸುತ್ತಾನೆ, ಮಧ್ಯಾಹ್ನ ಸಾಂಬಾರಿಗೆ ಹದ ನೋಡುತ್ತಾನೆ, ಸಂಜೆ ಗೋಬಿ ಮಂಚೂರಿ ಕರಿಯುತ್ತಾನೆ, ರಾತ್ರಿ ಪರೋಟಾ ಬೀಸುತ್ತಾನೆ. ತನ್ನ ಊರಿನ ಅಡುಗೆಯೊಂದನ್ನು ಬಿಟ್ಟು ಮತ್ತೆಲ್ಲವನ್ನೂ ಮಾಡುತ್ತಾನೆ. ಆ ಊರು ಯಾವುದು? ನೇಪಾಳದ ದೂರಪಶ್ಚಿಮದ ಅಛಾಮ, ಡೋಟಿ, ಬಾಜುರಾ ಜಿಲ್ಲೆಗಳವರು ತಲೆಮಾರುಗಳಿಂದ ಭಾರತಕ್ಕೆ ದುಡಿಯಲು ಇಳಿದು ಬರುವವರು. ಅವರ ಅಜ್ಜಂದಿರು ಉಂಡದ್ದು ಇದೇ ಕೋದೋ. ಕೆಲಮಂಗಲದ ರಾಗಿ ಹೊಲದಿಂದ ಕೂಗಳತೆಯ ದೂರದಲ್ಲಿ ನಿಂತು ಅವನು ಮೈದಾ ಹಿಟ್ಟು ನಾದುತ್ತಾನೆ.

ಅವನ ಹೆಸರನ್ನೂ ಕೇಳುವವರಿಲ್ಲ. ‘ಬಹದ್ದೂರ್’ ಎಂದು ಕರೆದರೆ ಮುಗಿಯಿತು. ಬಹಾದುರ್ ಎಂಬುದು ನೇಪಾಳದಲ್ಲಿ ಬಹುಮಂದಿಯ ಹೆಸರಿನ ನಡುವಿನ ಭಾಗ, ಹೆಸರಲ್ಲ. ಸೀಟಿ ಊದಿ ಕೋಲು ಬಡಿದು ಬೀದಿ ಕಾಯುವವನು ‘ಗೂರ್ಖಾ’. ಗೋರಖಾ ಎಂಬುದು ಒಂದು ಊರು, ಒಂದು ರಾಜ್ಯ. ಆ ಹೆಸರಿನ ಸೈನ್ಯವನ್ನು ಬ್ರಿಟಿಷರು 1815ರಿಂದ ಕಟ್ಟಿದರು, 1947ರ ಒಪ್ಪಂದದಂತೆ ಅದರ ಆರು ರೆಜಿಮೆಂಟುಗಳು ಭಾರತಕ್ಕೆ, ನಾಲ್ಕು ಬ್ರಿಟನ್ನಿಗೆ ಹಂಚಿಹೋದವು. ಅದಕ್ಕೂ ಮೊದಲೇ ರಣಜೀತ ಸಿಂಗನ ಸೈನ್ಯಕ್ಕೆಂದು ಲಾಹೋರಿಗೆ ಹೋದವರನ್ನು ಊರಿನವರು ‘ಲಾಹುರೆ’ ಎಂದರು. ಇಂದಿಗೂ ಪರದೇಶಕ್ಕೆ ದುಡಿಯಲು ಹೋದ ಪ್ರತಿಯೊಬ್ಬನೂ ಅಲ್ಲಿ ಲಾಹುರೆಯೇ. ಹೊರಗಿನವರ ಅನ್ನದ ಚಿಂತೆ ಕೆಲಮಂಗಲಕ್ಕೂ ಹೊಸತಲ್ಲ: 1799ರ ಮಾರ್ಚ್ ತಿಂಗಳಲ್ಲಿ ಜನರಲ್ ಹ್ಯಾರಿಸನ ಸೇನೆ ಶ್ರೀರಂಗಪಟ್ಟಣದ ಕಡೆಗೆ ಹೊರಟಾಗ ಇಲ್ಲಿ ಬೀಡುಬಿಟ್ಟಿತ್ತು, ಧಾನ್ಯ ಹೊತ್ತ ಎತ್ತುಗಳ ಹಿಂಡು ಅದರ ಹಿಂದೆ ಇತ್ತು.

ಕಾನೂನಿನಲ್ಲಿ ಈ ಅಡುಗೆಯವನ ಸ್ಥಾನ ವಿಚಿತ್ರವಾದುದು. 1950ರ ಜುಲೈ 31ರಂದು ಭಾರತ ನೇಪಾಳಗಳ ನಡುವೆ ಆದ ಶಾಂತಿ ಮತ್ತು ಸ್ನೇಹ ಒಪ್ಪಂದದ 7ನೆಯ ವಿಧಿಯಂತೆ ಒಂದು ದೇಶದ ಪ್ರಜೆಗೆ ಇನ್ನೊಂದು ದೇಶದಲ್ಲಿ ವಾಸ, ಆಸ್ತಿ, ವ್ಯಾಪಾರ, ಸಂಚಾರಗಳ ವಿಷಯದಲ್ಲಿ ಪರಸ್ಪರ ಸವಲತ್ತುಗಳಿವೆ. ವೀಸಾ ಬೇಡ. ಆದರೆ ಅವನು ಪೌರನಲ್ಲ. ಮತವಿಲ್ಲ, ಮೇಲೆ ಹೇಳಿದ 15ನೆಯ ವಿಧಿಯ ರಕ್ಷಣೆಯೂ ಅಕ್ಷರಶಃ ಪೌರನಿಗೆ ಮಾತ್ರ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಗುತ್ತಿಗೆದಾರನ ಮೂಲಕ ಹೋದವರಿಗಾಗಿ 1979ರಲ್ಲಿ ಬಂದ ವಲಸೆ ಕಾರ್ಮಿಕರ ಕಾಯ್ದೆಯಲ್ಲಿ ಒಡಿಶಾದವನಿಗೆ ಜಾಗವಿತ್ತು, ನೇಪಾಳದಿಂದ ಬಂದವನಿಗಿರಲಿಲ್ಲ. ಹಾಗೆಂದು ಅವನು ಕಾನೂನಿನ ಹೊರಗಿರುವವನೆಂದು ಮಾಲೀಕರು ತಿಳಿಯಲಾಗದು. 14 ಮತ್ತು 21ನೆಯ ವಿಧಿಗಳು ‘ಪೌರ’ ಎನ್ನುವುದಿಲ್ಲ, ‘ವ್ಯಕ್ತಿ’ ಎನ್ನುತ್ತವೆ. ಕನಿಷ್ಠ ವೇತನದ ಕಾನೂನು ಕೂಲಿಗೆ ನಿಂತ ಯಾವ ವ್ಯಕ್ತಿಯ ಜನ್ಮಸ್ಥಳವನ್ನೂ ಕೇಳುವುದಿಲ್ಲ. 1923ರ ಪರಿಹಾರ ಕಾಯ್ದೆಯ ಪಟ್ಟಿಗೆ ಅಡುಗೆ ಅನಿಲದ ಒಲೆಯ ಮುಂದೆ ನಿಲ್ಲುವ ಹೋಟೆಲಿನ ಅಡುಗೆಯವನೂ ಸೇರಿದ್ದ. ಕುದಿಯುವ ಎಣ್ಣೆ ಚೆಲ್ಲಿ ಕೈ ಸುಟ್ಟ ದಿನ ಅವನಿಗೆ ಕೊರತೆಯಾಗುವುದು ಹಕ್ಕಿನದಲ್ಲ. ತಾನು ಅಲ್ಲಿ ಕೆಲಸದಲ್ಲಿದ್ದೆನೆಂದು ತೋರಿಸುವ ಒಂದು ಚೀಟಿಯದು, ಹಾಜರಿ ಪುಸ್ತಕದಲ್ಲಿ ಒಂದು ಸಾಲಿನದು, ಬಹದ್ದೂರ್ ಎಂಬುದಕ್ಕಿಂತ ಉದ್ದವಾದ ಒಂದು ಹೆಸರಿನದು. ಕೇಳಿ ಬರೆದುಕೊಂಡ ಹೆಸರು ಇಲ್ಲಿ ಸೌಜನ್ಯವಷ್ಟೇ ಅಲ್ಲ, ಸಾಕ್ಷ್ಯ.

ನೇಪಾಳಿ ಮಾತನಾಡುವವರೆಲ್ಲರೂ ನೇಪಾಳದವರಲ್ಲ ಎಂಬುದನ್ನೂ ಸೇರಿಸಬೇಕು. ಡಾರ್ಜಿಲಿಂಗ್, ಸಿಕ್ಕಿಂಗಳ ನೇಪಾಳಿ ಭಾಷಿಕರು ಭಾರತದ ಪೌರರು. ಅವರ ಭಾಷೆ 1992ರ 71ನೆಯ ತಿದ್ದುಪಡಿಯಿಂದ ಸಂವಿಧಾನದ 8ನೆಯ ಅನುಸೂಚಿಗೆ ಸೇರಿ ಕನ್ನಡದ ಪಂಕ್ತಿಯಲ್ಲಿಯೇ ಕುಳಿತಿದೆ. ಮುಖ ನೋಡಿ ವಿದೇಶಿ ಎಂದು ತೀರ್ಮಾನಿಸುವವರು ಈ ತಿದ್ದುಪಡಿಯನ್ನು ಓದಿದವರಲ್ಲ.

ಹೊಸೂರು ಸೀಮೆಯ ಕನ್ನಡಿಗರು ದಶಕಗಳಿಂದ 350ಎ ವಿಧಿಯನ್ನು ಕೈಯಲ್ಲಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದವರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂಬ ವಿಧಿ ಅದು. ಕನ್ನಡ ಮಾಧ್ಯಮದ ಶಾಲೆಗೆ ಶಿಕ್ಷಕರಿಲ್ಲ, ಪುಸ್ತಕ ಬಂದಿಲ್ಲ ಎಂಬ ದೂರುಗಳಿಗೆ ಕೊನೆಯಿಲ್ಲ. ಅದೇ ಊರಿನ ಹೋಟೆಲಿನ ಹಿಂಬದಿಯ ಕೋಣೆಯಲ್ಲಿ ಅಡುಗೆಯವನ ಏಳು ವರ್ಷದ ಮಗುವೊಂದು ಇದ್ದರೆ, 21ಎ ವಿಧಿ 6ರಿಂದ 14 ವರ್ಷದ ‘ಎಲ್ಲ ಮಕ್ಕಳಿಗೂ’ ಶಿಕ್ಷಣ ಎನ್ನುತ್ತದೆ. ಅಲ್ಲಿಯೂ ಪೌರತ್ವದ ಮಾತಿಲ್ಲ. ಆ ಮಗು ಶಾಲೆಗೆ ಹೋದರೆ ತಮಿಳು ಅದಕ್ಕೆ ಮೂರನೆಯದೋ ನಾಲ್ಕನೆಯದೋ ಭಾಷೆ. ಮನೆಯ ಮಾತು ಒಂದು, ಶಾಲೆಯ ಮಾತು ಇನ್ನೊಂದು ಎಂಬ ಸಂಕಟದ ರುಚಿಯನ್ನು ಗಡಿನಾಡ ಕನ್ನಡಿಗನಿಗೆ ಹೇಳಿಕೊಡಬೇಕಾಗಿಲ್ಲ. ಮಗುವನ್ನು ದಾಖಲಿಸಿಕೊಳ್ಳಿ ಎಂದು ಶಾಲೆಯ ಬಾಗಿಲಲ್ಲಿ ನಿಂತು ಎರಡು ಮಾತು ಹೇಳಲು ಅವನಿಗಿಂತ ಯೋಗ್ಯರು ಸಿಗುವುದೂ ಕಷ್ಟ.

ಋಣದ ಲೆಕ್ಕವೂ ಸ್ವಲ್ಪ ಇದೆ. ನೇಪಾಳದ ತರಾಯಿಯಲ್ಲಿರುವ ಸಿಮ್ರೌನಗಢ ಒಂದು ಕಾಲಕ್ಕೆ ಕರ್ಣಾಟ ವಂಶವೆಂದೇ ಕರೆದುಕೊಂಡ ಅರಸರ ರಾಜಧಾನಿ. ದಕ್ಷಿಣದಿಂದ ಬಂದ ಕುಲದ ನಾನ್ಯದೇವ 1097ರಲ್ಲಿ ಮಿಥಿಲೆಯಲ್ಲಿ ರಾಜ್ಯ ಕಟ್ಟಿದ. ಆ ವಂಶದ ಹರಿಸಿಂಹದೇವ ತುಘಲಕನ ದಾಳಿಯಿಂದ 14ನೆಯ ಶತಮಾನದಲ್ಲಿ ಬೆಟ್ಟಗಳ ಕಡೆಗೆ ಓಡಿದ. ತಲೇಜು ದೇವಿಯ ಆರಾಧನೆ ಅವನ ಪರಿವಾರದೊಡನೆ ಭಕ್ತಪುರಕ್ಕೆ ಬಂದಿತೆಂದು ಅಲ್ಲಿನವರ ನಂಬಿಕೆ. ಕಾಠ್ಮಂಡುವಿನ ಪಶುಪತಿನಾಥನ ಮೂಲವಿಗ್ರಹವನ್ನು ಮುಟ್ಟಿ ಪೂಜಿಸುವ ಭಟ್ಟರು ಇಂದಿಗೂ ಕರ್ನಾಟಕದಿಂದ ಹೋದವರು; ಅವರಿಗೆ ಸಹಾಯಕರಾದ ಭಂಡಾರಿಗಳು ಸ್ಥಳೀಯರು. ರಾಜಪ್ರಭುತ್ವ ಹೋದ ಬಳಿಕ, 2008ರ ಕೊನೆಯಲ್ಲಿ, ಅಂದಿನ ಸರಕಾರ ಭಟ್ಟರ ಜಾಗಕ್ಕೆ ನೇಪಾಳಿ ಅರ್ಚಕರನ್ನು ನೇಮಿಸಿದಾಗ ಬೀದಿಯಲ್ಲಿ ಪ್ರತಿಭಟನೆಯಾಯಿತು, ವ್ಯಾಜ್ಯ ಅಲ್ಲಿನ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು, ನೇಮಕ ನಿಂತಿತು. 2009ರಲ್ಲಿ ಹೊಸದಾಗಿ ಬಂದ ಕನ್ನಡದ ಅರ್ಚಕರ ಮೇಲೆ ಹಲ್ಲೆಯೂ ನಡೆಯಿತು. ಪರನಾಡಿನಲ್ಲಿ ಅನ್ನ ಸಂಪಾದಿಸುವವನಿಗೆ ‘ನೀನು ಯಾರು’ ಎಂಬ ಪ್ರಶ್ನೆ ಎದುರಾಗುವ ಬಗೆ ಗರ್ಭಗುಡಿಯಲ್ಲಿಯೂ ಒಂದೇ, ಅಡುಗೆಮನೆಯಲ್ಲಿಯೂ ಒಂದೇ.

ಬೆಂಗಳೂರಿನ ಆ ಹೋಟೆಲಿನಲ್ಲಿ ಕುಳಿತ ರೈತನಿಗೆ ಢಿಂಡೊದೊಡನೆ ಬಂದ ಗುಂದ್ರುಕ್ ಎಂಬ ಸಾರಿನ ಮಾತು ಉಳಿಯಿತು. ಆ ತಟ್ಟೆಯಲ್ಲಿ ನಿಜವಾಗಿ ಹೊಸದೆನ್ನಬಹುದಾದದ್ದು ಅದೊಂದೇ. ಹುಳಿ, ಆದರೆ ಹುಣಿಸೆಯ ಹುಳಿಯಲ್ಲ. ಹಳೆಯ ಅಂಬಲಿಯ ಹುಳಿಗೆ ಹತ್ತಿರ. ಸಾಸಿವೆ ಸೊಪ್ಪು, ಮೂಲಂಗಿ ಸೊಪ್ಪು, ಹೂಕೋಸಿನ ಎಲೆಗಳನ್ನು ಬಾಡಿಸಿ, ಜಜ್ಜಿ, ಮಡಕೆಯಲ್ಲಿ ಗಾಳಿಯಾಡದಂತೆ ಒತ್ತಿ ತುಂಬಿ, ಬಾಯಿ ಕಟ್ಟಿ ಒಂದು ವಾರಕ್ಕೂ ಹೆಚ್ಚು ಕಾಲ ಹುಳಿಯಲು ಬಿಡುತ್ತಾರೆ. ಉಪ್ಪು ಹಾಕುವುದಿಲ್ಲ. ಹುಳಿತದ್ದನ್ನು ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿದರೆ ಸೊಪ್ಪಿಲ್ಲದ ತಿಂಗಳುಗಳೆಲ್ಲ ಕಳೆಯುತ್ತವೆ. ಬೇಕಾದಾಗ ಒಂದು ಹಿಡಿ ನೆನೆಸಿ, ಈರುಳ್ಳಿ, ಟೊಮೆಟೊ, ಒಣಮೆಣಸಿನಕಾಯಿ ಹುರಿದು ನೀರು ಬಿಟ್ಟು ಕುದಿಸುತ್ತಾರೆ. ಹೊಸೂರಿನ ಸುತ್ತ ಮೂಲಂಗಿ, ಹೂಕೋಸು ಬೆಳೆಯುವವರು ಗಡ್ಡೆಯನ್ನೂ ಹೂವನ್ನೂ ಮಾರುಕಟ್ಟೆಗೆ ಕಳಿಸಿ ಎಲೆಯನ್ನು ಹೊಲದ ಬದುವಿನಲ್ಲಿ, ಮಂಡಿಯ ಹಿಂದೆ, ದನಕ್ಕೆಂದು ಸುರಿಯುತ್ತಾರೆ. ಗುಂದ್ರುಕ್ ಮಾಡುವುದು ಹೇಗೆಂದು ಸರಿಯಾಗಿ ತಿಳಿಯಬೇಕೆನ್ನುವವರು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಹೆದ್ದಾರಿಯ ಹೋಟೆಲಿನ ಹಿಂಬಾಗಿಲಿಗೆ, ಮಧ್ಯಾಹ್ನದ ಗದ್ದಲ ಮುಗಿದ ಮೇಲೆ ಮೂರೂವರೆ ಗಂಟೆಯ ಹೊತ್ತಿಗೆ ಹೋದರೆ, ಹೆಸರು ಕೇಳಿ ಮಾತು ಆರಂಭಿಸಬಹುದು.